ಮುಳ್ಳು ಯಾವ ಕಡೆಗೆ ಸುಳ್ಳು ಹೇಳುತ್ತದೆ

ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಿಂದ 1962 ಮತ್ತು 1980ರ ನಡುವೆ ಹೊರಬಂದ ಎಂಜಿಬಿ ಕಾರು, ತೆರೆದ ಮಾದರಿಯೂ ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದುದರಿಂದ, ಹಳೆಯ ಕಾರುಗಳ ವಿದ್ಯುತ್ ವ್ಯವಸ್ಥೆಯನ್ನು ಅಭ್ಯಸಿಸುವವರಿಗೆ ಇಂದಿಗೂ ಸುಲಭವಾಗಿ ಒದಗುವ ಉದಾಹರಣೆಯಾಗಿ ಉಳಿದಿದೆ. ಅದರ ಇಂಧನ ಮಾಪಕ, ಪೆಟ್ರೋಲ್ ತೊಟ್ಟಿಯೊಳಗಿನ ಟ್ಯಾಂಕ್ ಯೂನಿಟ್ ಮತ್ತು ಅವೆರಡನ್ನು ಕೂಡಿಸುವ ಒಂದು ತಂತಿ ಈ ಸಂವಾದದ ವಿಷಯ. ಮಾತನಾಡುವವರಲ್ಲಿ ಕಿರಿಯರು ಅಂಥ ಕಾರಿನ ಒಡೆಯರು. ಹಿರಿಯರು ಬಹುಕಾಲ ಆಟೋ ಎಲೆಕ್ಟ್ರಿಷಿಯನ್ ಆಗಿ ದುಡಿದವರು.

ಕಿರಿಯರು: ಮಾಪಕ ತಪ್ಪು ತೋರಿಸತೊಡಗಿದರೆ ಟ್ಯಾಂಕ್ ಯೂನಿಟ್ ಬದಲಿಸಬೇಕು, ಅದರ ಜೊತೆಗೇ ತಂತಿಯನ್ನೂ ಹೊಸದಾಗಿ ಎಳೆಯಬೇಕು ಎಂಬುದು ಎಲ್ಲರೂ ಹೇಳುವ ಮಾತು, ಮತ್ತು ಆ ಬಿಡಿಭಾಗ ಅಷ್ಟೇನೂ ದುಬಾರಿಯಲ್ಲ. ಹೀಗಿರುವಾಗ ಮಲ್ಟಿಮೀಟರ್ ಹಿಡಿದು ಪರೀಕ್ಷಿಸದೆ ಒಂದು ಸ್ಕ್ರೂ ಕೂಡ ಬಿಚ್ಚಬಾರದೆಂದು ತಾವು ಪಟ್ಟು ಹಿಡಿಯುವುದೇಕೆ?

ಹಿರಿಯರು: ಡ್ಯಾಶ್‌ಬೋರ್ಡಿನ ಮುಳ್ಳು ಅಳೆಯುವುದು ಪೆಟ್ರೋಲನ್ನಲ್ಲ, ಒಂದು ವಿದ್ಯುತ್ ಮಂಡಲದ ಒಟ್ಟು ರೋಧವನ್ನು, ಅಂದರೆ ವಿದ್ಯುತ್ತಿನ ಹರಿವಿಗೆ ಆ ಮಂಡಲ ಒಡ್ಡುವ ತಡೆಯನ್ನು. ತೊಟ್ಟಿಯೊಳಗೆ ತೇಲುವ ಫ್ಲೋಟ್ ಏರಿಳಿದಾಗ ಅದರ ತೋಳಿಗೆ ಅಂಟಿಕೊಂಡ ಸಣ್ಣ ಲೋಹದ ನಾಲಗೆಯೊಂದು ಸುತ್ತಿದ ರೋಧತಂತಿಯ ಮೇಲೆ ಜಾರುತ್ತ ಆ ತಡೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಟ್ಯಾಂಕ್ ಯೂನಿಟ್ ಎಂದರೆ ಇಷ್ಟೇ. ಆದರೆ ಅದೇ ಮಂಡಲದಲ್ಲಿ ತುಕ್ಕು ಹಿಡಿದ ಜೋಡಣೆಯೂ, ಬಣ್ಣ ಬಳಿದ ಮೈಯ ಮೇಲೆ ಸಡಿಲವಾಗಿ ಕುಳಿತ ಅರ್ಥ್ ತಂತಿಯೂ ತಮ್ಮ ಪಾಲಿನ ತಡೆಯನ್ನು ಸೇರಿಸುತ್ತವೆ, ಮತ್ತು ಅದರಲ್ಲಿ ಫ್ಲೋಟಿನ ಪಾಲೆಷ್ಟು, ತುಕ್ಕಿನ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವ ಶಕ್ತಿ ಮುಳ್ಳಿಗಿಲ್ಲ. ಆದ್ದರಿಂದ ಹೊಸ ಟ್ಯಾಂಕ್ ಯೂನಿಟ್ ಕೂರಿಸಿದ ಮೇಲೂ ಹಳೆಯ ತಪ್ಪು ಹಾಗೆಯೇ ಉಳಿಯುವುದು ಅಪರೂಪವಲ್ಲ.

ಕಿರಿಯರು: ತಪ್ಪು ಎಂದರೆ ತಪ್ಪು, ಅದರ ಮೂಲವನ್ನು ಹುಡುಕಲು ಮಂಡಲವನ್ನೆಲ್ಲ ಬಿಚ್ಚಿ ನೋಡಬೇಕಾಗುವುದಿಲ್ಲವೆ?

ಹಿರಿಯರು: ಅಷ್ಟು ಬೇಕಾಗುವುದಿಲ್ಲ, ಏಕೆಂದರೆ ಮುಳ್ಳು ಯಾವ ದಿಕ್ಕಿಗೆ ತಪ್ಪುತ್ತದೆ, ಅಳತೆಯ ಯಾವ ಭಾಗದಲ್ಲಿ ತಪ್ಪುತ್ತದೆ ಎಂಬುದೇ ದೋಷದ ಜಾಗವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಆದರೆ ಅದನ್ನು ಓದಲು ಮೊದಲು ಮಾಪಕದ ಜಾತಿ ಗೊತ್ತಿರಬೇಕು. ಎಂಜಿಬಿಯಲ್ಲೇ ಎರಡು ಜಾತಿಗಳಿವೆ. 1964ರವರೆಗಿನ ಕಾರುಗಳಲ್ಲಿ ಇದ್ದುದು ಎರಡು ಸುರುಳಿಗಳ ಮಾಪಕ: ಒಂದು ಸುರುಳಿ ಮುಳ್ಳನ್ನು ಖಾಲಿಯ ಕಡೆಗೆ, ಇನ್ನೊಂದು ತುಂಬಿದ ಕಡೆಗೆ ಸೆಳೆಯುತ್ತದೆ, ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಯಾವುದು ಬಲವಾಗಿ ಎಳೆದರೆ ಬಂಡಿ ಆ ಕಡೆ ಹೊರಳುವ ಹಾಗೆ. ಟ್ಯಾಂಕ್ ಯೂನಿಟ್ ಈ ಎರಡನೆಯ ಸುರುಳಿಗೆ ಸಮಾಂತರವಾಗಿ ಕೂಡಿರುತ್ತದೆ. ತೊಟ್ಟಿ ಬರಿದಾದಾಗ ಯೂನಿಟ್ಟಿನ ರೋಧ ಸೊನ್ನೆಗೆ ಇಳಿಯುವುದರಿಂದ ವಿದ್ಯುತ್ತೆಲ್ಲ ಆ ಸುಲಭದ ದಾರಿ ಹಿಡಿದು ಹೋಗಿ, ಎರಡನೆಯ ಸುರುಳಿ ಸುಮ್ಮನಾಗುತ್ತದೆ, ಮುಳ್ಳು ಖಾಲಿಯ ಗುರುತಿಗೆ ಬೀಳುತ್ತದೆ.

ಕಿರಿಯರು: ಹಾಗಾದರೆ ಆ ತಂತಿ ಎಲ್ಲಾದರೂ ಕಡಿದುಹೋದರೆ?

ಹಿರಿಯರು: ಇಡೀ ವಿದ್ಯುತ್ತು ಎರಡನೆಯ ಸುರುಳಿಯ ಮೂಲಕವೇ ಹರಿಯಬೇಕಾಗುವುದರಿಂದ ಮುಳ್ಳು ತೊಟ್ಟಿ ತುಂಬಿದೆ ಎನ್ನುತ್ತದೆ! ದಾರಿಯ ಮಧ್ಯೆ ಕಾರು ನಿಂತಾಗಲೂ ಅದು ಹಾಗೆಯೇ ಹೇಳುತ್ತಿರುತ್ತದೆ. ಸುರುಳಿಗಳ ಮಾಪಕಕ್ಕೆ ದೊಡ್ಡ ಗುಣವೊಂದಿದೆ. ಎರಡು ಸುರುಳಿಗಳೂ ಒಂದೇ ಮೂಲದಿಂದ ವಿದ್ಯುತ್ ಪಡೆಯುವುದರಿಂದ ಬ್ಯಾಟರಿಯ ವೋಲ್ಟೇಜು ಏರಿದರೂ ಇಳಿದರೂ ಅವುಗಳ ಸೆಳೆತದ ಅನುಪಾತ ಬದಲಾಗದು. ಆದರೆ ಕೆಟ್ಟಾಗ ಅದು ಸುಳ್ಳು ಹೇಳುವುದು ಅಪಾಯದ ದಿಕ್ಕಿಗೆ. ಜೋಡಣೆಯೊಂದರಲ್ಲಿ 20 ಓಮ್‌ನಷ್ಟು ತಡೆ ಸೇರಿಕೊಂಡರೂ, ಸೊನ್ನೆಯಿಂದ ಸುಮಾರು 80 ಓಮ್‌ವರೆಗಿನ ಅದರ ಅಳತೆಯಲ್ಲಿ ಅದು ದೊಡ್ಡ ಪಾಲಾಗಿ, ಬರಿದಾದ ತೊಟ್ಟಿಯಲ್ಲೂ ಸಾಕಷ್ಟು ಪೆಟ್ರೋಲ್ ಇದ್ದಂತೆ ಕಾಣುತ್ತದೆ.

ಕಿರಿಯರು: 1964ರ ನಂತರದ ಜಾತಿ?

ಹಿರಿಯರು: ಅದು ಶಾಖದಿಂದ ನಡೆಯುವುದು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಗೆ, ಅಂದರೆ ದ್ವಿಲೋಹ ಪಟ್ಟಿಗೆ, ತೆಳ್ಳನೆಯ ತಂತಿಯನ್ನು ಸುತ್ತಿರುತ್ತಾರೆ. ವಿದ್ಯುತ್ ಹರಿದು ಪಟ್ಟಿ ಬಿಸಿಯಾದಷ್ಟೂ ಬಾಗಿ ಮುಳ್ಳನ್ನು ತುಂಬಿದ ಕಡೆಗೆ ತಳ್ಳುತ್ತದೆ. ಇಗ್ನಿಷನ್ ಕೀಲಿ ತಿರುಗಿಸಿದೊಡನೆ ಮುಳ್ಳು ಥಟ್ಟನೆ ಏಳದೆ ನಿಧಾನವಾಗಿ ಮೇಲೇರಿದರೆ ಅದು ಈ ಜಾತಿಯದೆಂದು ತಿಳಿಯಬಹುದು. ತಿರುವಿನಲ್ಲಿ ಪೆಟ್ರೋಲ್ ಕುಲುಕಿದರೂ ಅದರ ಮುಳ್ಳು ನಡುಗುವುದಿಲ್ಲವೆಂಬುದು ಈ ನಿಧಾನದ ಲಾಭ. ಇದರ ಟ್ಯಾಂಕ್ ಯೂನಿಟ್ ಮೊದಲನೆಯದಕ್ಕೆ ತಲೆಕೆಳಗು: ಖಾಲಿಯಲ್ಲಿ ಸುಮಾರು 250 ಓಮ್, ಅರ್ಧದಲ್ಲಿ 68ರ ಆಸುಪಾಸು, ತುಂಬಿದಾಗ 20ರಿಂದ 30. ತಂತಿ ಕಡಿದರೆ ವಿದ್ಯುತ್ತೇ ಹರಿಯದೆ ಮುಳ್ಳು ಖಾಲಿಯಲ್ಲಿ ಮಲಗುತ್ತದೆ, ಒಡೆಯನಿಗೆ ಗಾಬರಿಯಾದರೂ ದಾರಿಯಲ್ಲಿ ನಿಲ್ಲುವ ಪ್ರಮೇಯ ಬರುವುದಿಲ್ಲ. ಉಪಕರಣವನ್ನು ರೂಪಿಸುವವರು ಅದು ಸರಿಯಿದ್ದಾಗ ಹೇಗೆ ನಡೆಯುತ್ತದೆ ಎಂಬುದಕ್ಕಿಂತ ಕೆಟ್ಟಾಗ ಯಾವ ಕಡೆಗೆ ತಪ್ಪುತ್ತದೆ ಎಂಬುದನ್ನು ಮುಂಚೆ ಯೋಚಿಸಬೇಕು, ಮತ್ತು ಆ ದೃಷ್ಟಿಯಲ್ಲಿ ಇದು ಮೊದಲನೆಯದಕ್ಕಿಂತ ಮೇಲು.

ಕಿರಿಯರು: ಅದೇ 20 ಓಮ್ ತುಕ್ಕು ಈ ಜಾತಿಯಲ್ಲಿ ಏನು ಮಾಡುತ್ತದೆ?

ಹಿರಿಯರು: ತೊಟ್ಟಿ ಖಾಲಿಯಿರುವಾಗ 250ರ ಜೊತೆ 20 ಸೇರಿದರೆ ಶೇ. 8ರಷ್ಟು ವ್ಯತ್ಯಾಸ ಮಾತ್ರ, ಅದು ಕಣ್ಣಿಗೆ ಬೀಳುವುದು ಕಷ್ಟ. ತುಂಬಿರುವಾಗ 22 ಇರಬೇಕಾದುದು 42 ಆಗಿ, ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಳ್ಳು ಎಷ್ಟು ಪೆಟ್ರೋಲ್ ತುಂಬಿಸಿದರೂ ಮುಕ್ಕಾಲನ್ನು ದಾಟಲು ಒಲ್ಲದು. ಆದ್ದರಿಂದ ಕೆಳಗೆ ಸರಿಯಾಗಿ ತೋರಿಸಿ ಮೇಲೆ ಮಾತ್ರ ಕುಗ್ಗುವ ಮಾಪಕವನ್ನು ಕಂಡಾಗ ಟ್ಯಾಂಕ್ ಯೂನಿಟ್ಟಿಗಿಂತ ಮೊದಲು ಜೋಡಣೆಗಳನ್ನೂ ಅರ್ಥನ್ನೂ ಶಂಕಿಸಬೇಕು. ತೊಟ್ಟಿಯಲ್ಲಿ ಎಷ್ಟಿದ್ದರೂ ಮುಳ್ಳು ತುಂಬಿದ ಗುರುತಿಗೇ ಅಂಟಿಕೊಂಡಿದ್ದರೆ ತಂತಿಯ ಹೊದಿಕೆ ಎಲ್ಲೋ ಸವೆದು ಕಾರಿನ ಮೈಗೆ ತಾಗಿದೆ. ಒಂದು ಮಟ್ಟದಲ್ಲಿ ಮಾತ್ರ ಮುಳ್ಳು ಬಿದ್ದು ಮತ್ತೆ ಏಳುವುದಾದರೆ ನಾಲಗೆ ಓಡಾಡುವ ರೋಧತಂತಿ ಆ ಜಾಗದಲ್ಲಿ ಸವೆದಿದೆ. ಕೈಯಿಂದ ತೋಳನ್ನು ಎತ್ತಿದಾಗ ಅಳತೆಯೆಲ್ಲ ಸರಿಯಿದ್ದು, ತೊಟ್ಟಿಯೊಳಗೆ ಇಳಿಸಿದೊಡನೆ ಖಾಲಿ ಎನ್ನುವುದಾದರೆ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದೆ. ಈ ಕೊನೆಯ ಎರಡರಲ್ಲಿ ಮಾತ್ರ ಹೊಸ ಯೂನಿಟ್ಟಿಗೆ ಹಣ ಕೊಡುವುದು ನ್ಯಾಯ.

ಕಿರಿಯರು: ಎಲ್ಲ ಮಟ್ಟದಲ್ಲೂ ಇರುವುದಕ್ಕಿಂತ ಹೆಚ್ಚು ತೋರಿಸುವ ಕಾರುಗಳೂ ಇವೆ. ಶಾಖದ ಮಾಪಕ ಸುರಕ್ಷಿತ ದಿಕ್ಕಿಗೇ ತಪ್ಪುತ್ತದೆ ಎಂಬ ಹೊಗಳಿಕೆ ಅಲ್ಲಿ ನಿಲ್ಲುವುದಿಲ್ಲ.

ಹಿರಿಯರು: ಆಕ್ಷೇಪಣೆ ಸರಿಯಾಗಿದೆ, ಮತ್ತು ಅಲ್ಲಿಯೇ ಆ ಏರ್ಪಾಟಿನ ದೌರ್ಬಲ್ಯವೂ ಇದೆ. ಶಾಖವು ವೋಲ್ಟೇಜನ್ನು ಅವಲಂಬಿಸುವುದರಿಂದ, ಎಂಜಿನ್ ನಿಂತಾಗ 12, ಬ್ಯಾಟರಿ ಚಾರ್ಜ್ ಆಗುವಾಗ 14ರ ಸುಮಾರಿಗೆ ಏರುವ ವೋಲ್ಟೇಜಿನೊಡನೆ ಮುಳ್ಳೂ ಓಲಾಡಬಾರದೆಂದು ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿಯನ್ನಿಟ್ಟರು. ಅದರೊಳಗೂ ಒಂದು ದ್ವಿಲೋಹ ಪಟ್ಟಿಯಿದ್ದು, ಬಿಸಿಯಾಗಿ ಸಂಪರ್ಕ ಬಿಡಿಸುತ್ತ, ತಣಿದು ಮತ್ತೆ ಕೂಡಿಸುತ್ತ, ಸರಾಸರಿ 10 ವೋಲ್ಟ್ ಒದಗಿಸುತ್ತದೆ. ಡಬ್ಬಿಗೆ ಅರ್ಥ್ ತಪ್ಪಿದರೆ ಪಟ್ಟಿ ಬಿಸಿಯಾಗುವುದೇ ಇಲ್ಲ, ಸಂಪರ್ಕ ಬಿಡುವುದೇ ಇಲ್ಲ, ಬ್ಯಾಟರಿಯ ಪೂರ್ಣ ವೋಲ್ಟೇಜು ಮಾಪಕಕ್ಕೆ ನುಗ್ಗಿ ಮುಳ್ಳು ಎಲ್ಲ ಮಟ್ಟದಲ್ಲೂ ಉಬ್ಬಿ ತೋರಿಸುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸಿದವರು ಡಬ್ಬಿಯ ಸ್ಕ್ರೂವನ್ನು ಬಣ್ಣದ ಮೇಲೇ ಬಿಗಿದಿದ್ದರೂ, ಮೇಲಿನ ಬದಿ ಎಂದು ಗುರುತು ಮಾಡಿದ್ದನ್ನು ಲೆಕ್ಕಿಸದೆ ಓರೆಯಾಗಿ ಕೂರಿಸಿದ್ದರೂ ಅದರ ನಡತೆ ಕೆಡುತ್ತದೆ. ಡಿಜಿಟಲ್ ಮೀಟರ್ ಇಟ್ಟು ಅದನ್ನು ಅಳೆಯಹೊರಟರೆ ಅಂಕಿಗಳು ಸೊನ್ನೆಗೂ ಹನ್ನೆರಡಕ್ಕೂ ನಡುವೆ ಕುಣಿಯುತ್ತವೆ. ಸಣ್ಣ ಬಲ್ಬ್ ಒಂದನ್ನು ಕೂಡಿಸಿ ಅದು ಮಿನುಗುವುದನ್ನು ನೋಡುವುದು ಹೆಚ್ಚು ವಿಶ್ವಾಸಾರ್ಹ. ಈಗ ಅದೇ ಆಕಾರದ ಡಬ್ಬಿಯಲ್ಲಿ 7810 ಎಂಬ ಇಲೆಕ್ಟ್ರಾನಿಕ್ ನಿಯಂತ್ರಕವನ್ನು ಅಡಗಿಸಿಟ್ಟ ಬದಲಿಗಳು ಸಿಗುತ್ತವೆ, ಅವು ನಿಜಕ್ಕೂ ಒಳ್ಳೆಯವು. ಆದರೆ 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಕೂಡಿಸಿರುತ್ತಿದ್ದುದರಿಂದ, ಋಣ ತುದಿ ಅರ್ಥ್ ಆಗಿರಬೇಕಾದ ನಿಯಂತ್ರಕವನ್ನು ಅಲ್ಲಿ ಹಾಕಿದರೆ ಅದು ಸುಟ್ಟುಹೋಗುತ್ತದೆ. ಹಳೆಯ ಮಾಪಕಕ್ಕಾದರೋ ಧನ ಋಣಗಳ ಹಂಗಿಲ್ಲ.

ಕಿರಿಯರು: ಮೊದಲ ಪರೀಕ್ಷೆಯನ್ನು ಎಲ್ಲಿ ಮಾಡಬೇಕು? ತೊಟ್ಟಿಯ ಬಳಿ ತಂತಿ ಬಿಚ್ಚಿ ಅರ್ಥಿಗೆ ಮುಟ್ಟಿಸುವುದು ರೂಢಿ.

ಹಿರಿಯರು: ರೂಢಿ ಹೌದು, ಒಳ್ಳೆಯ ರೂಢಿಯಲ್ಲ, ಏಕೆಂದರೆ ತಂತಿ ಮುಟ್ಟಿಸುವಾಗ ಕಿಡಿ ಹಾರಬಹುದು. ತೊಟ್ಟಿಯಿಂದ ದೂರದ ಯಾವುದಾದರೂ ಜೋಡಣೆಯಲ್ಲಿ, ಇಲ್ಲವೇ ಮಾಪಕದ ಹಿಂದೆಯೇ ತಂತಿಯನ್ನು ಬಿಡಿಸಿ, ನೇರವಾಗಿ ಅರ್ಥಿಗೆ ತಾಗಿಸದೆ 22, 68 ಮತ್ತು 250 ಓಮ್‌ಗೆ ಹತ್ತಿರದ ಮೂರು ರೆಸಿಸ್ಟರುಗಳನ್ನು ಒಂದಾದ ಮೇಲೊಂದು ನಡುವೆ ಇಟ್ಟು, ಪ್ರತಿ ಸಲವೂ ಮುಳ್ಳು ನೆಲೆಗೊಳ್ಳುವವರೆಗೆ ಕಾದರೆ ಮಾಪಕವೂ ಸ್ಟೆಬಿಲೈಸರೂ ಸರಿಯಿವೆಯೇ ಎಂಬುದು ತೀರ್ಮಾನವಾಗುತ್ತದೆ. ಇಂಗ್ಲಿಷ್ ಕಾರುಗಳಲ್ಲಿ ಲ್ಯೂಕಾಸ್ ಕಂಪನಿಯ ಬಣ್ಣದ ಕಟ್ಟಳೆ ಇಲ್ಲಿ ನೆರವಿಗೆ ಬರುತ್ತದೆ: ಫ್ಯೂಸಿನಿಂದ ಸ್ಟೆಬಿಲೈಸರಿಗೆ ಹಸಿರು ತಂತಿ, ಅಲ್ಲಿಂದ ಮಾಪಕಕ್ಕೆ ತಿಳಿಹಸಿರು, ಮಾಪಕದಿಂದ ತೊಟ್ಟಿಗೆ ಕಪ್ಪು ಗೆರೆಯಿರುವ ಹಸಿರು, ಅರ್ಥಿಗೆ ಬರಿಯ ಕಪ್ಪು. ಹೊಸ ತಂತಿ ಎಳೆಯುವವರು ಅಂಗಡಿಯಲ್ಲಿ ಸಿಕ್ಕ ಕೆಂಪೋ ಹಳದಿಯೋ ಹಾಕಿ ಕೈತೊಳೆದುಕೊಂಡರೆ ಮುಂದಿನ ರಿಪೇರಿಗಾರನಿಗೆ ಆ ಕಾರು ಒಗಟಾಗುತ್ತದೆ.

ಕಿರಿಯರು: ಪರೀಕ್ಷೆಯೆಲ್ಲ ಮುಗಿದು, ಟ್ಯಾಂಕ್ ಯೂನಿಟ್ಟೇ ಕೆಟ್ಟಿದೆ ಎಂದಾಯಿತು ಎನ್ನೋಣ. ತೊಟ್ಟಿಯನ್ನು ಬರಿದು ಮಾಡಿದ ಮೇಲೆ ಅಪಾಯವೇನೂ ಉಳಿಯುವುದಿಲ್ಲವಷ್ಟೆ?

ಹಿರಿಯರು: ಅಪಾಯ ಹೆಚ್ಚುವುದು ಆಗಲೇ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಮುಚ್ಚಿದ ತೊಟ್ಟಿಯೊಳಗೆ ದ್ರವದ ಮೇಲಿನ ಜಾಗದಲ್ಲಿ ಆವಿ ಇದಕ್ಕಿಂತ ಎಷ್ಟೋ ದಟ್ಟವಾಗಿ ತುಂಬಿಕೊಂಡು ಉರಿಯಲು ಬೇಕಾದಷ್ಟು ಗಾಳಿಗೆ ಎಡೆಯೇ ಇರುವುದಿಲ್ಲ. ವಿದ್ಯುತ್ ಹರಿಯುವ ನಾಲಗೆಯೊಂದು ದಶಕಗಳ ಕಾಲ ಪೆಟ್ರೋಲ್ ತೊಟ್ಟಿಯೊಳಗೆ ಜಾರಾಡಿದರೂ ಏನೂ ಆಗದಿರುವುದಕ್ಕೆ, ಮಂಡಲದ ವಿದ್ಯುತ್ತು ಹೆಚ್ಚೆಂದರೆ ಆಂಪಿಯರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಇರುವುದರ ಜೊತೆಗೆ, ಇದೂ ಒಂದು ಕಾರಣ. ಆದರೆ ತೊಟ್ಟಿಯನ್ನು ಬಸಿದು ಬಾಯಿ ತೆರೆದಾಗ ಗಾಳಿ ಒಳನುಗ್ಗಿ ಆವಿ ತೆಳುವಾಗುತ್ತ ಸರಿಯಾಗಿ ಹೊತ್ತಿಕೊಳ್ಳುವ ಪ್ರಮಾಣಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ಬ್ಯಾಟರಿಯ ಅರ್ಥ್ ತುದಿಯನ್ನು ಮೊದಲೇ ಬಿಡಿಸಿ, ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಆವಿ ಗಾಳಿಗಿಂತ ಭಾರವಾದುದರಿಂದ ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸುವುದು ತೀರ ಕೆಟ್ಟ ಆಯ್ಕೆ. ಈ ಕಾರಿನಲ್ಲಿ ಯೂನಿಟ್ ತೊಟ್ಟಿಯ ನೆತ್ತಿಯ ಮೇಲಲ್ಲದೆ ನಿಂತ ಮುಖದಲ್ಲಿ ಕೂರುವುದರಿಂದ, ಬಸಿಯದೆ ಬಿಚ್ಚಿದವರಿಗೆ ಪೆಟ್ರೋಲಿನ ಸ್ನಾನವೇ ಆಗುತ್ತದೆ.

ಕಿರಿಯರು: ಬಿಚ್ಚುವ ಕ್ರಮ?

ಹಿರಿಯರು: ಅದರಲ್ಲಿ ವಿಶೇಷವೇನಿಲ್ಲ. ಯೂನಿಟ್ಟನ್ನು ಅದುಮಿ ಹಿಡಿಯುವ ಉಂಗುರವನ್ನು ಹಿತ್ತಾಳೆಯ ಸಲಾಕೆಯಿಂದ ಮೆಲ್ಲಗೆ ತಟ್ಟಿ ತಿರುಗಿಸಬೇಕು, ಕಬ್ಬಿಣದ ಉಳಿ ಕಬ್ಬಿಣದ ಮೇಲೆ ಕಿಡಿ ಹಾರಿಸಬಲ್ಲದು. ರಬ್ಬರ್ ಪ್ಯಾಕಿಂಗನ್ನು ಮತ್ತೆ ಬಳಸಬಾರದು. ಹೊಸ ಪ್ಯಾಕಿಂಗ್ ಎಥನಾಲ್ ತಾಳುವಂಥದಾಗಿರಲಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೂ ಎಥನಾಲ್ ಇರುತ್ತದೆ, ಭಾರತದಲ್ಲಿ ಅದು ಶೇ. 20ಕ್ಕೆ ಮುಟ್ಟಿದೆ, ಮತ್ತು ಅರುವತ್ತರ ದಶಕದ ರಬ್ಬರನ್ನು ಇಂಥ ಇಂಧನವನ್ನು ಕಲ್ಪಿಸಿಕೊಂಡು ತಯಾರಿಸಿರಲಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುವ ಹಳೆಯ ಕಾರುಗಳ ತೊಟ್ಟಿಯಲ್ಲಿ ಯೂನಿಟ್ಟಿನ ಲೋಹವೂ ಬೇಗ ಮಾಸುತ್ತದೆ.

ಕಿರಿಯರು: ಯಾವುದೇ ಕಾರಿಗೂ ಒಪ್ಪುತ್ತದೆ ಎಂದು ಮಾರುವ ಯೂನಿಟ್ಟುಗಳಿವೆಯಲ್ಲ, ಅವನ್ನು ಹಾಕಬಹುದೆ?

ಹಿರಿಯರು: ತೂತಿಗೆ ಒಪ್ಪುವುದು ಬೇರೆ, ಮಾಪಕಕ್ಕೆ ಒಪ್ಪುವುದು ಬೇರೆ. ಜನರಲ್ ಮೋಟರ್ಸಿನ ಕಾರುಗಳಲ್ಲಿ 1965ರಿಂದೀಚೆಗೆ ಬಹುಕಾಲ ಖಾಲಿಗೆ ಸೊನ್ನೆ, ತುಂಬಿದರೆ 90 ಓಮ್. ಹಳೆಯ ಫೋರ್ಡುಗಳಲ್ಲಿ ಖಾಲಿಗೆ 73, ತುಂಬಿದರೆ 10. ಬಿಡಿಯಾಗಿ ಮಾರುವ ಹಲವು ಅಮೆರಿಕನ್ ಮಾಪಕಗಳಿಗೆ 240ರಿಂದ 33. ಇವುಗಳಲ್ಲಿ ಕೊನೆಯದು ಶಾಖದ ಎಂಜಿಬಿ ಮಾಪಕಕ್ಕೆ ಸುಮಾರಾಗಿ ಹೊಂದುತ್ತದೆ, ಮೊದಲನೆಯದು ಸುರುಳಿಯ ಜಾತಿಗೆ ಹತ್ತಿರ. ತಪ್ಪು ಜಾತಿಯದನ್ನು ಹಾಕಿದರೆ ತೊಟ್ಟಿ ಬರಿದಾಗುತ್ತಿದ್ದಂತೆ ಮುಳ್ಳು ಏರುತ್ತದೆ. ಮಾರಿಸ್ ಆಕ್ಸ್‌ಫರ್ಡಿನಿಂದ ಬೆಳೆದು ಬಂದ ಅಂಬಾಸಡರಿನಂಥ ಕಾರುಗಳಲ್ಲೂ ಹೆಸರು ನೋಡಿ ಯೂನಿಟ್ ತರಿಸದೆ, ಮಾಪಕದ ಜಾತಿಯನ್ನು ಅಳೆದು ತಿಳಿದೇ ತರಿಸಬೇಕು. ಇಷ್ಟೆಲ್ಲ ತಲೆನೋವು ಬೇಡವೆನ್ನುವವರು 1962ಕ್ಕಿಂತ ಹಿಂದಿನ ಫೋಕ್ಸ್‌ವ್ಯಾಗನ್ ಬೀಟಲ್ ಕೊಳ್ಳಬಹುದು. ಅದರಲ್ಲಿ ಮಾಪಕವೇ ಇರಲಿಲ್ಲ, ನಮ್ಮ ಹಳೆಯ ಮೋಟಾರ್ ಸೈಕಲ್ಲುಗಳಂತೆ ಎಂಜಿನ್ ತಡವರಿಸಿದಾಗ ರಿಸರ್ವಿಗೆ ತಿರುಗಿಸುವ ಸನ್ನೆಯಷ್ಟೇ ಇತ್ತು.

ಕಿರಿಯರು: ತಂತಿಯ ಮಾತು ಹಿಂದೆ ಬಿತ್ತು. ದಪ್ಪನೆಯ ತಂತಿ ಎಳೆದರೆ ತಡೆ ಕಡಿಮೆಯಾಗಿ ಮಾಪಕ ಹೆಚ್ಚು ನಿಖರವಾಗಬಹುದೇ?

ಹಿರಿಯರು: ಲೆಕ್ಕ ಹಾಕಿ ನೋಡಿದರೆ ಆ ಭ್ರಮೆ ಹರಿಯುತ್ತದೆ. 0.30 ಮಿಲಿಮೀಟರಿನ 14 ಎಳೆಗಳಿರುವ ಸಾಧಾರಣ ತಂತಿಯ ಅಡ್ಡಕೊಯ್ತ ಒಂದು ಚದರ ಮಿಲಿಮೀಟರು. ಅದರ 4 ಮೀಟರ್ ಉದ್ದದ ರೋಧ 0.07 ಓಮ್ ಮಾತ್ರ, 20 ಓಮ್‌ಗಳ ಎದುರು ಅದು ಲೆಕ್ಕಕ್ಕೇ ಬಾರದು. ತಂತಿಯನ್ನು ಅಷ್ಟು ದಪ್ಪಗೆ ಮಾಡುವುದು ವಿದ್ಯುತ್ತಿಗಾಗಿ ಅಲ್ಲ, ಕಾರಿನ ಅದುರುವಿಕೆಯನ್ನು ತಾಳಲೆಂದು. ಕೆಡುವುದು ತಾಮ್ರವಲ್ಲ, ತುದಿಗಳು. ರಬ್ಬರ್ ಕೊಳವೆಯೊಳಗೆ ಗುಂಡಿನಾಕಾರದ ಹಿತ್ತಾಳೆಯ ತುದಿಗಳನ್ನು ತೂರಿಸುವ ಬುಲೆಟ್ ಕನೆಕ್ಟರುಗಳಲ್ಲಿ, ಹಿಂಚಕ್ರ ಎರಚಿದ ನೀರು ನುಸುಳಿ, ಹಸಿರು ಕಿಲುಬು ಕಟ್ಟುತ್ತದೆ. ಆದ್ದರಿಂದ ತಂತಿ ಬದಲಿಸುವುದೆಂದರೆ ಮುಖ್ಯವಾಗಿ ಜೋಡಣೆಗಳನ್ನು ಬದಲಿಸುವುದು: ಸಾಧ್ಯವಿದ್ದರೆ ನಡುವೆ ಗಂಟೇ ಇಲ್ಲದಂತೆ ಒಂದೇ ಉದ್ದಕ್ಕೆ ಎಳೆದು, ತಗಡಿನಲ್ಲಿ ಹಾದುಹೋಗುವ ತೂತುಗಳಲ್ಲಿ ರಬ್ಬರ್ ಗ್ರಾಮೆಟ್ ಇರಿಸಿ, ತುದಿಗಳನ್ನು ಸರಿಯಾದ ಉಪಕರಣದಿಂದ ಒತ್ತಿ ಕೂರಿಸಬೇಕು. ಬೆಸುಗೆ ಹಾಕಿದರೆ ಎಳೆಗಳು ಸೆಡೆತುಕೊಂಡು ಬೆಸುಗೆ ಮುಗಿಯುವ ಗಡಿಯಲ್ಲಿ ಅದುರಿ ಕಡಿಯುತ್ತವೆ ಎಂಬ ಭಯ ನಿರಾಧಾರವಲ್ಲ. ಅರ್ಥ್ ತಂತಿಗಾದರೋ ಇನ್ನೂ ಹೆಚ್ಚಿನ ಗಮನ ಬೇಕು. ತೊಟ್ಟಿಯ ಮೈಗೂ ಬ್ಯಾಟರಿಯ ಅರ್ಥ್ ತುದಿಗೂ ನಡುವೆ ಮೀಟರ್ ಇಟ್ಟಾಗ ಒಂದು ಓಮ್‌ಗಿಂತ ಕಡಿಮೆ ಬಾರದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಕಿರಿಯರು: ಎಲ್ಲ ಕೂಡಿಸಿ ತೊಟ್ಟಿಯೊಳಗೆ ಇಳಿಸಿಬಿಟ್ಟರೆ ಕೆಲಸ ಮುಗಿಯಿತು.

ಹಿರಿಯರು: ಇಳಿಸುವ ಮುನ್ನ, ಇನ್ನೂ ಪೆಟ್ರೋಲ್ ಮುಟ್ಟದ ಹೊಸ ಯೂನಿಟ್ಟನ್ನು ಕಾರಿನಿಂದ ಸಾಕಷ್ಟು ದೂರದ ಮೇಜಿನ ಮೇಲಿಟ್ಟು, ಮೊದಲು ಮೀಟರಿನಿಂದ ತೋಳಿನ ಇಡೀ ಓಟವನ್ನು ಅಳೆಯಬೇಕು, ಎಲ್ಲಿಯೂ ಅಂಕಿ ಹಾರದೆ ಒಂದೇ ಸಮನೆ ಇಳಿಯಬೇಕು. ಹೊಸದೆಂಬ ಕಾರಣಕ್ಕೆ ನಂಬುವಂತಿಲ್ಲ, ಇಂದು ಸಿಗುವ ಎಷ್ಟೋ ಬದಲಿ ಯೂನಿಟ್ಟುಗಳ ರೋಧ ಮೂಲದ ರೋಧಕ್ಕೆ ಸರಿಹೊಂದುವುದಿಲ್ಲ. ಇಳಿಸಿದ ಮೇಲೆ ಖಾಲಿ ತೊಟ್ಟಿಗೆ ನಾಲ್ಕೈದು ಲೀಟರ್ ಮಾತ್ರ ಸುರಿದು, ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಅದು ಖಾಲಿಯ ಗುರುತನ್ನು ಮುಟ್ಟದೆ ಮೇಲೆ ನಿಂತರೆ ಯೂನಿಟ್ಟನ್ನು ಹೊರತೆಗೆದು ಫ್ಲೋಟಿನ ತೋಳನ್ನು ತುಸು ಬಗ್ಗಿಸಿ ಮತ್ತೆ ಕೂರಿಸಬೇಕು.

ಕಿರಿಯರು: ಖಾಲಿಗೆ ಹೊಂದಿಸಿದರೆ ತುಂಬಿದಾಗ ತಪ್ಪುತ್ತದೆಯಲ್ಲ?

ಹಿರಿಯರು: ತಪ್ಪಲಿ. ತೊಟ್ಟಿ ತುಂಬಿಸಿದವನಿಗೆ ಅದು ತುಂಬಿದೆ ಎಂದು ಮುಳ್ಳು ಹೇಳಬೇಕಾಗಿಲ್ಲ. ಎರಡೂ ತುದಿ ಸರಿಯಿರಲೇಬೇಕೆಂಬ ಹಟವಿದ್ದರೆ ಮಾಪಕದ ಹಿಂಬದಿಯಲ್ಲಿ ಸಣ್ಣ ಕಿಂಡಿಗಳಿವೆ, ಅವುಗಳೊಳಗಿನ ಕಚ್ಚುಗಳನ್ನು ಸಪೂರ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ ಮುಳ್ಳನ್ನು ತಿದ್ದಬಹುದು. ಆದರೆ ಒಂದನ್ನು ತಿದ್ದಿದಾಗ ಇನ್ನೊಂದು ತುದಿಯೂ ಕದಲುವುದರಿಂದ, 22 ಮತ್ತು 250 ಓಮ್ ರೆಸಿಸ್ಟರುಗಳನ್ನು ಮತ್ತೆ ಕೈಗೆತ್ತಿಕೊಂಡು, ಪ್ರತಿ ತಿರುವಿಗೂ ಮುಳ್ಳು ನೆಲೆಗೊಳ್ಳುವವರೆಗೆ ಕಾಯುತ್ತ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹಲವು ಸಲ ಓಡಾಡಬೇಕಾಗುತ್ತದೆ. ಅದಕ್ಕೆ ಒಂದು ಭಾನುವಾರವನ್ನು ಬೇರೆಯಾಗಿಯೇ ತೆಗೆದಿಟ್ಟುಕೊಳ್ಳಬೇಕು.